ಉಸಿರಾಡುವ ಪೆಟ್ಟಿಗೆ



ನನ್ನನ್ನು ಇಂಥ ಸಭೆಗೆ ಕರೆಯುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಆಸ್ಟ್ರೇಲಿಯದ ಹಣಕಾಸು ವರ್ಷ ಮುಗಿಯುವ ಹೊತ್ತು. ಸೂಪರ್‌ಗೆ ಎಷ್ಟು ಹಾಕಬೇಕು, ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆಯನ್ನು ಇಲ್ಲಿ ತೋರಿಸಬೇಕೇ (ತೋರಿಸಬೇಕು, ದಯವಿಟ್ಟು ತೋರಿಸಿ) ಅನ್ನುವ ಪ್ರಶ್ನೆಗಳಿಗೆ ಉತ್ತರ ಹೇಳಿ, ಚಿತ್ರಾನ್ನ ತಿಂದು ಮನೆಗೆ ಹೋಗುತ್ತೇನೆ. ಈ ಸಲ ಕಾರ್ಯಕ್ರಮ ಸಮಿತಿಯವರು "ತೆರಿಗೆ ಬೇಡ, ನಿಮ್ಮ ಆ ಡಬ್ಬದ ಕತೆ ಹೇಳಿ" ಅಂದರು. ಆ ಡಬ್ಬ ಇಲ್ಲೇ ಇದೆ, ನೋಡಿ. ಉದ್ದ 80 ಸೆಂಟಿಮೀಟರ್, ಅಗಲ 40, ಎತ್ತರ 30. ಒಳಗೆ ಸುಮಾರು 89 ಲೀಟರ್ ಜಾಗ. ಖಾಲಿ ತೂಕ ಆರೂವರೆ ಕಿಲೋ. ಬಣ್ಣ ಮರಳಿನದು. ಬದಿಯಲ್ಲಿ ಕಾಣುವ ಕೆಂಪು ಗೆರೆ ಬಣ್ಣವಲ್ಲ, ಊಡ್ನಡಾಟ ದಾರಿಯ ಮಣ್ಣು. ತೊಳೆದರೂ ಹೋಗಲಿಲ್ಲ.

ನಮ್ಮಲ್ಲಿ ಬಹಳ ಜನ ಈ ದೇಶಕ್ಕೆ ಬಂದ ಮೊದಲ ಐದಾರು ವರ್ಷ ಅಡಿಲೇಡ್, ಮೆಲ್ಬರ್ನ್ ಬಿಟ್ಟು ಆಚೆ ನೋಡುವುದಿಲ್ಲ. ಸಾಲ, ಮಕ್ಕಳ ಶಾಲೆ, ಊರಿಗೆ ಒಂದು ಟ್ರಿಪ್, ಅಷ್ಟೇ. ಆಮೇಲೆ ಯಾರೋ ಒಬ್ಬ ಸ್ನೇಹಿತ ಫೋರ್ ವೀಲ್ ಡ್ರೈವ್ ಕೊಳ್ಳುತ್ತಾನೆ, ಹುಚ್ಚು ಹಿಡಿಯುತ್ತದೆ. ನನಗೂ ಹಾಗೇ ಹಿಡಿದದ್ದು. ಫ್ಲಿಂಡರ್ಸ್ ಬೆಟ್ಟಸಾಲಿಗೆ ಎರಡು ಸಲ ಹೋಗಿ ಬಂದ ಮೇಲೆ ಧೈರ್ಯ ಬಂದು, ಊರಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಊಡ್ನಡಾಟ ದಾರಿಗೆ ಹೊರಟೆವು. ಮರೀ ಎಂಬ ಊರಿನಿಂದ ಮಾರ್ಲಾವರೆಗೆ ಆರುನೂರು ಚಿಲ್ಲರೆ ಕಿಲೋಮೀಟರ್ ಮಣ್ಣಿನ ದಾರಿ. ಹಳೆಯ ಘಾನ್ ರೈಲಿನ ಹಾದಿಯ ಪಕ್ಕದಲ್ಲೇ ಬಹುಪಾಲು ಹೋಗುತ್ತದೆ. ಅಪ್ಪ ನಿವೃತ್ತ ರೈಲ್ವೆ ನೌಕರರು, ಅದಕ್ಕಾಗಿಯೇ ಒಪ್ಪಿದ್ದು.

ಅಪ್ಪನಿಗೆ ಉಬ್ಬಸ. ಇನ್‌ಹೇಲರ್ ಜೊತೆಗೇ ಇರುತ್ತದೆ. ಆ ದಿನ ಮಾತ್ರ ನಾನು ಬುದ್ಧಿವಂತಿಕೆ ಮಾಡಿ, ಔಷಧಿಯನ್ನೆಲ್ಲ ಒಟ್ಟುಮಾಡಿ, ಟ್ರೇ ಮೇಲೆ ಕಟ್ಟಿದ್ದ ದೊಡ್ಡ ಪೆಟ್ಟಿಗೆಯೊಳಗೆ ಇಟ್ಟಿದ್ದೆ. ಅದು ಅಂಗಡಿಯಿಂದ ತಂದ ಪೆಟ್ಟಿಗೆ, ಮೇಲೆ ಐಪಿ 67 ಎಂಬ ಮುದ್ರೆ. ಧೂಳು ಒಳಗೆ ಬರುವುದಿಲ್ಲ, ನೀರಿನಲ್ಲಿ ಮುಳುಗಿದರೂ ತೊಂದರೆಯಿಲ್ಲ ಎಂದು ಅದರ ಅರ್ಥ. ರಾತ್ರಿ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಟೆಂಟು ಹಾಕಿದೆವು. ಹನ್ನೊಂದು ಗಂಟೆಗೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಟಾರ್ಚ್ ಹಿಡಿದು ಪೆಟ್ಟಿಗೆ ತೆಗೆದರೆ ಒಳಗೆ ಎಲ್ಲ ಕೆಂಪು. ಚಟ್ನಿಪುಡಿ ಡಬ್ಬದ ಮೇಲೆ, ಅವಲಕ್ಕಿ ಪ್ಯಾಕೆಟ್ ಮೇಲೆ, ಇನ್‌ಹೇಲರ್ ಬಾಯಿಯೊಳಗೆ ಕುಂಕುಮದಷ್ಟು ನುಣ್ಣನೆಯ ಧೂಳು. ಉಬ್ಬಸದ ಮನುಷ್ಯನ ಶ್ವಾಸಕೋಶಕ್ಕೆ ಅದನ್ನೇ ಊದಬೇಕಿತ್ತು. ಹೆಂಡತಿ ಕುಡಿಯುವ ನೀರಿನಲ್ಲಿ ಮೇಲಿನ ಪ್ಲಾಸ್ಟಿಕ್ ತೊಳೆದು, ಸೀರೆಯ ತುದಿಯಲ್ಲಿ ಒರೆಸಿ, ನಾಲ್ಕು ಸಲ ಗಾಳಿಗೆ ಒತ್ತಿ ಪರೀಕ್ಷಿಸಿ ಕೊಟ್ಟಳು. ಏಳೆಂಟು ನಿಮಿಷ ಆಗಿರಬಹುದು. ಹತ್ತಿರದ ಕ್ಲಿನಿಕ್ ಮರೀಯಲ್ಲಿ, ನೂರಿಪ್ಪತ್ತು ಮೂವತ್ತು ಕಿಲೋಮೀಟರ್ ಹಿಂದೆ, ಕತ್ತಲಲ್ಲಿ ಕಾಂಗರೂಗಳ ನಡುವೆ. ಅಪ್ಪ ಸುಧಾರಿಸಿಕೊಂಡರು. ನನಗೆ ಮಾತ್ರ ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಪೆಟ್ಟಿಗೆಯ ಬೀಗ ಹಾಕಿಯೇ ಇತ್ತು, ರಬ್ಬರ್ ಸೀಲ್ ಹರಿದಿರಲಿಲ್ಲ, ಎಲ್ಲೂ ಬಿರುಕಿಲ್ಲ. ಹಾಗಾದರೆ ಧೂಳು ಒಳಗೆ ಹೋದದ್ದು ಹೇಗೆ?

ಅಡಿಲೇಡಿಗೆ ಬಂದ ಮೇಲೆ ಗಣಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್ ಸ್ನೇಹಿತನನ್ನು ಕೇಳಿದೆ. ಅವನು ಒಂದೇ ಮಾತು ಹೇಳಿದ: "ಅದು ಉಸಿರಾಡಿದೆ ಕಣೋ."

ಅರ್ಧ ಸಾಮಾನು ತುಂಬಿದರೂ ಇಂಥ ಪೆಟ್ಟಿಗೆಯೊಳಗೆ 45 ಲೀಟರ್ ಗಾಳಿ ಉಳಿಯುತ್ತದೆ. ಮರುಭೂಮಿಯಲ್ಲಿ ಚಳಿಗಾಲದ ಬೆಳಗ್ಗೆ 5 ಡಿಗ್ರಿ ಇದ್ದಾಗ ಮುಚ್ಚುತ್ತೀರಿ. ಮಧ್ಯಾಹ್ನ ಬಿಸಿಲಿಗೆ ಪೆಟ್ಟಿಗೆಯ ಒಳಗೆ 50 ಡಿಗ್ರಿ. ಗಾಳಿಯ ನಿಯಮ ಪಿಯುಸಿಯಲ್ಲಿ ಓದಿದ್ದೇವೆ, ಕೆಲ್ವಿನ್ ಲೆಕ್ಕದಲ್ಲಿ 278ರಿಂದ 323. ಅಂದರೆ ಶೇಕಡ 16 ಹೆಚ್ಚು. ಪೆಟ್ಟಿಗೆ ನಿಜವಾಗಿಯೂ ಗಾಳಿಬಿಗಿಯಾಗಿದ್ದರೆ ಒಳಗಿನ ಒತ್ತಡ 16 ಕಿಲೋಪಾಸ್ಕಲ್ ಏರಬೇಕು. ಮುಚ್ಚಳದ ವಿಸ್ತಾರ ಸುಮಾರು 0.3 ಚದರ ಮೀಟರ್. ಗುಣಿಸಿದರೆ ಮುಚ್ಚಳವನ್ನು ಮೇಲಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 500 ಕಿಲೋ ಭಾರಕ್ಕೆ ಸಮ. ಎರಡು ಪ್ಲಾಸ್ಟಿಕ್ ಕೊಂಡಿ ಅದನ್ನು ತಡೆಯುತ್ತವೆಯೇ? ಇಲ್ಲ. ಮುಚ್ಚಳದ ನಡುಭಾಗ ಕೂದಲೆಳೆಯಷ್ಟು ಎದ್ದು, ಏಳು ಲೀಟರ್ ಗಾಳಿ ಹೊರಗೆ ಹೋಗುತ್ತದೆ. ಸಂಜೆ ತಣ್ಣಗಾದಾಗ ಅಷ್ಟೇ ಗಾಳಿ ಒಳಗೆ ಬರಬೇಕು. ಬರುವ ದಾರಿ ಯಾವುದು? ದಿನವಿಡೀ ಧೂಳು ಕೂತಿರುವ ಅದೇ ಸೀಲಿನ ಅಂಚು. ನನ್ನ ಪೆಟ್ಟಿಗೆ ಆ ಧೂಳನ್ನು ತಾನೇ ಸೇದಿಕೊಂಡಿತ್ತು.

ಐಪಿ 67 ಮುದ್ರೆ ಸುಳ್ಳೇ ಅಂತ ಕೇಳಬಹುದು. ಸುಳ್ಳಲ್ಲ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೊದಲ ಅಂಕೆ 6 ಅಂದರೆ ಟಾಲ್ಕಂ ಪುಡಿ ಹಾರಾಡುವ ಕೋಣೆಯಲ್ಲಿಟ್ಟು ನೋಡಿದಾಗ ಒಳಗೆ ಪುಡಿ ಹೋಗಿರಬಾರದು. ಎರಡನೆಯ ಅಂಕೆ 7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಎರಡರಲ್ಲೂ ಪೆಟ್ಟಿಗೆ ಅಲ್ಲಾಡುವುದಿಲ್ಲ. ಅಂಕಗಳ ಪರೀಕ್ಷೆ ಹೊಸ ಪೆಟ್ಟಿಗೆಗೆ. ಆರುನೂರು ಕಿಲೋಮೀಟರ್ ಕುಲುಕಿದ ಮೇಲೆ ಅದೇ ಸೀಲು ಹೇಗಿರುತ್ತದೆ ಎಂದು ಆ ಅಂಕಗಳು ಹೇಳುವುದಿಲ್ಲ. ನಮ್ಮ ವೃತ್ತಿಯಲ್ಲೂ ಹಾಗೇ. ಆಡಿಟ್ ವರದಿಯಲ್ಲಿ ಏನು ಪರೀಕ್ಷಿಸಿದ್ದೇವೆ ಅಂತ ಬರೆದಿರುತ್ತೇವೆ. ಓದುವವರು ಪರೀಕ್ಷಿಸದೆ ಇದ್ದದ್ದನ್ನೂ ಸೇರಿಸಿ ನಂಬಿಕೊಳ್ಳುತ್ತಾರೆ.

ಹಾಗೆ ಶುರುವಾಯಿತು. ನಾನು, ಆ ಎಂಜಿನಿಯರ್, ಮತ್ತೆ ಪ್ಲಾಸ್ಟಿಕ್ ಉದ್ಯಮದಲ್ಲಿದ್ದ ಇನ್ನೊಬ್ಬ ಗೆಳೆಯ. ಮೂವರದೂ ಶನಿವಾರದ ಕೆಲಸ, ನಮ್ಮ ಗ್ಯಾರೇಜಿನಲ್ಲಿ.

ಯಾವುದರಿಂದ ಮಾಡುವುದು? ನನ್ನ ಮನಸ್ಸಿನಲ್ಲಿ ಇದ್ದದ್ದು ಹಾಸ್ಟೆಲಿಗೆ ಹೋಗುವಾಗ ಅಪ್ಪ ಕೊಡಿಸಿದ್ದ ತಗಡಿನ ಟ್ರಂಕು. ಅದರ ಇಲ್ಲಿನ ವಂಶಸ್ಥ ಅಲ್ಯೂಮಿನಿಯಂ ಪೆಟ್ಟಿಗೆ. ಲೆಕ್ಕ ಹಾಕಿದರೆ 2 ಮಿಲಿಮೀಟರ್ ಅಲ್ಯೂಮಿನಿಯಂ ಪೆಟ್ಟಿಗೆ ಏಳು ಕಿಲೋ ದಾಟುತ್ತದೆ, 5 ಮಿಲಿಮೀಟರ್ ಪಾಲಿಎಥಿಲೀನ್ ಆರೂವರೆಗೆ ನಿಲ್ಲುತ್ತದೆ. ತೂಕಕ್ಕಿಂತ ದೊಡ್ಡ ತೊಂದರೆ ಇನ್ನೊಂದು: ಕುಲುಕಾಟದಲ್ಲಿ ಸಾಮಾನು ಅಲ್ಯೂಮಿನಿಯಂಗೆ ಉಜ್ಜಿ ಉಜ್ಜಿ ಕಪ್ಪು ಪುಡಿ ಉದುರುತ್ತದೆ, ಬಟ್ಟೆಗೆ ಹತ್ತಿದರೆ ಮಸಿಯ ಹಾಗೆ. ಹಾಗಾಗಿ ಪಾಲಿಎಥಿಲೀನ್, ರೋಟೊಮೋಲ್ಡಿಂಗ್ ವಿಧಾನ. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಒಲೆಯೊಳಗೆ ಎರಡು ಅಕ್ಷಗಳ ಸುತ್ತ ತಿರುಗಿಸುತ್ತಾರೆ. ಪುಡಿ ಕರಗಿ ಗೋಡೆಗೆ ಹತ್ತುತ್ತದೆ. ತವದ ಮೇಲೆ ನೀರುದೋಸೆ ಹಿಟ್ಟು ಹರಡಿದ ಹಾಗೆ ಅಂದುಕೊಳ್ಳಿ, ತವವೇ ತಿರುಗುತ್ತದೆ ಅಷ್ಟೇ. ಒತ್ತಡ ಇಲ್ಲದ ಕಾರಣ ಅಚ್ಚು ಅಗ್ಗ. ಇಂಜೆಕ್ಷನ್ ಮೋಲ್ಡಿಂಗ್ ಅಚ್ಚಿನ ಬೆಲೆ ಕೇಳಿ ನಾವು ಮೂವರೂ ಅರ್ಧ ನಿಮಿಷ ಮಾತಾಡಿರಲಿಲ್ಲ. ಆದರೆ ಈ ವಿಧಾನಕ್ಕೆ ಒಂದು ಕಾಯಿಲೆ ಇದೆ: ತಣ್ಣಗಾಗುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ, ಒಂದೇ ಸಮ ಕುಗ್ಗದಿದ್ದರೆ ಅಂಚು ಸೊಟ್ಟಗಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ವಿನ್ಯಾಸದ ಮುಖ್ಯ ಮಾತು ಉಸಿರಿನದು. ಉಸಿರು ಕಟ್ಟಿಸಲು ಆಗುವುದಿಲ್ಲ, ಹಾಗಾದರೆ ಅದಕ್ಕೊಂದು ಮೂಗು ಕೊಡೋಣ. ಹಿಡಿಕೆಯ ಕೆಳಗಿನ ಗುಳಿಯಲ್ಲಿ, ನೀರು ನೇರವಾಗಿ ಬಡಿಯದ ಜಾಗದಲ್ಲಿ, ನಾಣ್ಯದಷ್ಟು ದೊಡ್ಡ ಒಂದು ಉಸಿರುಗಂಡಿ. ಅದರೊಳಗೆ ಮಳೆ ಜಾಕೆಟ್ಟಿನಲ್ಲಿ ಇರುತ್ತದಲ್ಲ, ಆ ಜಾತಿಯ ಪಿಟಿಎಫ್‌ಇ ಪೊರೆ. ಗಾಳಿ ಹೋಗುತ್ತದೆ ಬರುತ್ತದೆ, ನೀರ ಹನಿ ಮತ್ತು ಧೂಳು ನಿಲ್ಲುತ್ತವೆ. ಕೀಲು ಬೇಡ ಅಂತ ತೀರ್ಮಾನಿಸಿದೆವು, ಏಕೆಂದರೆ ಕೀಲಿನ ಬದಿಯಲ್ಲಿ ಸೀಲ್ ಯಾವತ್ತೂ ಸಮ ಒತ್ತುವುದಿಲ್ಲ. ಮುಚ್ಚಳ ಪೂರ್ತಿ ಬಿಡಿಯಾಗಿ ಬರುತ್ತದೆ. ಆರು ಕೊಂಡಿ, ಉದ್ದದ ಬದಿಗೆ ಎರಡೆರಡು, ತುದಿಗೆ ಒಂದೊಂದು. ಕೀಲಿಲ್ಲದ ಮುಚ್ಚಳವನ್ನು ಎಲ್ಲಿಡುವುದು ಅಂತ ನನ್ನ ಹೆಂಡತಿ ಕೇಳಿದಳು. ಅದೇ ಚಪಾತಿ ಮಣೆ ಆಗುತ್ತದೆ ಅಂದೆ. ಈಗ ನಿಜವಾಗಿಯೂ ಆಗಿದೆ.

ಇನ್ನು ಪರೀಕ್ಷೆ. ನನಗೆ ಇಷ್ಟವಾದ ಭಾಗ ಇದು.

ಮೊದಲ ಪರೀಕ್ಷೆ ಅಕೌಂಟೆಂಟ್‌ನದೇ: ಅಂಗಡಿ ಬಿಲ್ಲಿನ ಚೀಟಿ. ಐದೈದು ಸೆಂಟಿಮೀಟರಿಗೆ ಒಂದು ಚೀಟಿಯನ್ನು ಸೀಲಿನ ನಡುವೆ ಸಿಕ್ಕಿಸಿ, ಮುಚ್ಚಳ ಹಾಕಿ, ಒಂದೊಂದಾಗಿ ಎಳೆಯುವುದು. ಸುಲಭವಾಗಿ ಬಂದರೆ ಅಲ್ಲಿ ಸೀಲ್ ಒತ್ತುತ್ತಿಲ್ಲ. ಮೊದಲ ಮಾದರಿಯಲ್ಲಿ ಮೂಲೆಗಳಲ್ಲಿ ಚೀಟಿ ಹರಿಯಿತು, ನಡುವೆ ಜಾರಿತು. ಕೊಂಡಿಗಳ ಜಾಗ ಬದಲಾಯಿಸಿದೆವು.

ನೀರಿನ ಪರೀಕ್ಷೆ ನಗೆಪಾಟಲಾಯಿತು. ಪಕ್ಕದ ಮನೆಯವರ ಈಜುಕೊಳದಲ್ಲಿ ಮುಳುಗಿಸೋಣ ಅಂತ ಹೋದೆವು. ಹೊರ ಅಳತೆಯಲ್ಲಿ 96 ಲೀಟರ್ ಪೆಟ್ಟಿಗೆ ಅದು. ಮುಳುಗಬೇಕಾದರೆ ಒಟ್ಟು ತೂಕ 96 ಕಿಲೋ ಮೀರಬೇಕು ಅನ್ನುವುದು ಮೂರು ಪದವೀಧರರಿಗೆ ನೀರಿಗಿಳಿದ ಮೇಲೆ ಹೊಳೆಯಿತು. ಒಬ್ಬರು ಮೇಲೆ ಕೂತರೂ ದೋಣಿಯ ಹಾಗೆ ಓಲಾಡಿತು. ನಿಜವಾದ ದಾರಿಯಲ್ಲಿ ಪೆಟ್ಟಿಗೆ ಮುಳುಗುವುದಿಲ್ಲ, ಹಳ್ಳ ದಾಟುವಾಗ ನೀರು ಎರಚುತ್ತದೆ. ಹಾಗಾಗಿ ಬಿಸಿಲಿನಲ್ಲಿ ಕಾಯಿಸಿ, ತಕ್ಷಣ ತಣ್ಣೀರಿನ ಪೈಪ್ ಹಿಡಿಯುವುದನ್ನು ಪರೀಕ್ಷೆ ಮಾಡಿಕೊಂಡೆವು. ಬಿಸಿ ಪೆಟ್ಟಿಗೆ ಥಟ್ಟನೆ ತಣ್ಣಗಾದರೆ ಒಳಗೆಳೆಯುವ ಬಲ ಅತಿ ಹೆಚ್ಚು. ಉಸಿರುಗಂಡಿಯನ್ನು ಟೇಪ್ ಹಾಕಿ ಮುಚ್ಚಿದಾಗ ಒಳಗೆ ಒಂದು ಲೋಟ ನೀರು; ತೆರೆದಿಟ್ಟಾಗ ಒಂದು ಹನಿಯೂ ಇಲ್ಲ. ಮೂವರೂ ಆವತ್ತು ಐಸ್‌ಕ್ರೀಮ್ ತಿಂದೆವು.

ಬೀಳಿಸುವ ಪರೀಕ್ಷೆಗೆ ಅಮೆರಿಕದ ಸೇನೆಯ ಮಾನದಂಡ ಮಿಲ್-ಎಸ್‌ಟಿಡಿ-810 ನೋಡಿದೆವು. ಕೈಯಲ್ಲಿ ಎತ್ತುವಂಥ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸಬೇಕು: 6 ಮುಖ, 12 ಅಂಚು, 8 ಮೂಲೆ. ನಮ್ಮ ವಾಹನದ ಹಿಂಬಾಗಿಲಿನ ಎತ್ತರಕ್ಕೆ ಹತ್ತಿರವೇ. ಆದರೆ ಸಣ್ಣ ಅಕ್ಷರ ಓದುವ ಚಟ ನನಗೆ; ಆ 26 ಬೀಳುಗಳನ್ನು ಐದು ಬೇರೆ ಬೇರೆ ಮಾದರಿಗಳಿಗೆ ಹಂಚಬಹುದು ಎಂದು ಅದರಲ್ಲೇ ಇದೆ. "ಮಿಲಿಟರಿ ಗ್ರೇಡ್" ಎಂದು ಚೀಟಿ ಅಂಟಿಸಿದ ಸಾಮಾನು ಕೊಳ್ಳುವಾಗ ಇದು ನೆನಪಿರಲಿ. ನಾವು ಒಂದೇ ಪೆಟ್ಟಿಗೆಗೆ ಇಪ್ಪತ್ತಾರನ್ನೂ ಕೊಟ್ಟೆವು, ಒಳಗೆ ಇಪ್ಪತ್ತು ಕಿಲೋ ಸೋನಾ ಮಸೂರಿ ಮತ್ತು ಐದು ಕಿಲೋ ರಾಗಿಹಿಟ್ಟು. ಎಂಟನೆಯದರಲ್ಲಿ ಕೊಂಡಿಯ ತಳ ಮುರಿಯಿತು. ಕೊಂಡಿಗಳನ್ನು ಗುಳಿಯೊಳಗೆ ಇಳಿಸಿ ಮತ್ತೆ ಮೊದಲಿಂದ ಶುರು. ಆ ಅಕ್ಕಿಯಲ್ಲಿ ಎರಡು ತಿಂಗಳು ನುಚ್ಚಿನುಂಡೆ ಮಾಡಿಕೊಂಡು ತಿಂದೆವು.

ಕುಲುಕಾಟ ಕಷ್ಟದ್ದು. ಮಣ್ಣಿನ ದಾರಿಯಲ್ಲಿ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿ ಉಬ್ಬುಗಳು ಬರುತ್ತವಲ್ಲ, ಇಲ್ಲಿಯವರು ಕಾರುಗೇಶನ್ ಅನ್ನುತ್ತಾರೆ. ಕೀತ್ ಮ್ಯಾದರ್ ಎಂಬ ಭೌತವಿಜ್ಞಾನಿ 1963ರಲ್ಲಿಯೇ ಇದರ ಬಗ್ಗೆ ಬರೆದಿದ್ದಾರೆ: ಚಕ್ರ ಒಂದು ಮಿತಿಗಿಂತ ವೇಗವಾಗಿ ಉರುಳಿದರೆ ಸಾಕು, ಒಣ ಮಣ್ಣಿನಲ್ಲಿ ಅಲೆ ಹುಟ್ಟಿಯೇ ಹುಟ್ಟುತ್ತದೆ. ಅಲೆಯಿಂದ ಅಲೆಗೆ ಅರ್ಧ ಮೀಟರಿನಿಂದ ಒಂದು ಮೀಟರ್. ಮುಕ್ಕಾಲು ಮೀಟರ್ ಅಂತ ಹಿಡಿಯಿರಿ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 30 ಗುದ್ದು. ಆರುನೂರು ಕಿಲೋಮೀಟರೂ ಹಾಗೇ ಇದ್ದರೆ ಎಂಟು ಲಕ್ಷ ಗುದ್ದು. ಪೂರ್ತಿ ಹಾಗಿರುವುದಿಲ್ಲ, ಗ್ರೇಡರ್ ಓಡಿಸಿದ ಕಡೆ ನುಣುಪಾಗಿರುತ್ತದೆ. ಆದರೂ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯುವುದು ನಮ್ಮ ವೃತ್ತಿಯ ಸ್ವಭಾವ. ಎಂಜಿನಿಯರ್ ಸ್ಪ್ರಿಂಗಿನ ಹಲಗೆಗೆ ತೂಕ ತಪ್ಪಿಸಿದ ಮೋಟರ್ ಕಟ್ಟಿ ನಿಮಿಷಕ್ಕೆ 1800 ಸುತ್ತು ಓಡಿಸಿದ. ಏಳೂವರೆ ಗಂಟೆ. ನಾಲ್ಕನೆಯ ಗಂಟೆಗೆ ಪಕ್ಕದ ಮನೆಯವರು ಬಂದರು (ಈಜುಕೊಳದವರಲ್ಲ, ಆಚೆ ಬದಿಯವರು). ಕೊಂಡಿಯ ಸ್ಕ್ರೂಗಳೆಲ್ಲ ಸಡಿಲಾಗಿದ್ದವು. ಸ್ಕ್ರೂ ತೆಗೆದು, ಅಗಲ ವಾಶರ್ ಹಾಕಿ ರಿವೆಟ್ ಮಾಡಿದೆವು.

ಇಷ್ಟೆಲ್ಲ ಆದ ಮೇಲೆ ನಾಲ್ಕು ಪೆಟ್ಟಿಗೆ ಮಾಡಿಸಿ, ಅದೇ ಊಡ್ನಡಾಟ ದಾರಿಗೆ ಎರಡು ವಾಹನದಲ್ಲಿ ಹೊರಟೆವು. ಇನ್ನು ನಾನು ಹೇಳುವುದು ನನಗೆ ಅಷ್ಟು ಹೆಮ್ಮೆಯ ವಿಷಯವಲ್ಲ.

ಮಾರ್ಲಾದಲ್ಲಿ ಡಾಂಬರು ರಸ್ತೆ ಮುಟ್ಟಿ, ನಾಲ್ಕನ್ನೂ ಇಳಿಸಿ ತೆರೆದೆವು. ಒಳಗೆ ಬಿಳಿ ಬಟ್ಟೆ ಹಾಸಿದ್ದೆವು. ಮೂರು ಪೆಟ್ಟಿಗೆ ಬೆಳ್ಳಗೆ. ನಾಲ್ಕನೆಯದರ ಒಂದು ಬದಿಯಲ್ಲಿ ಕೆಂಪು. ಗುಡಿಸಿ ಅಡಿಗೆ ತಕ್ಕಡಿಯಲ್ಲಿ ತೂಗಿದೆ, 11 ಗ್ರಾಂ. ಆ ಹೊತ್ತಿಗೆ ಒಂದು ಅಂಗಡಿಯವರು ಈಸ್ಟರ್‌ಗೆ ಮುಂಚೆ ಅರವತ್ತು ಪೆಟ್ಟಿಗೆ ಬೇಕು ಅಂದಿದ್ದರು. ಮೂವರೂ ಸೇರಿ ಹಾಕಿದ್ದ ದುಡ್ಡು 41,600 ಡಾಲರ್. ಪ್ಲಾಸ್ಟಿಕ್ ಉದ್ಯಮದ ಗೆಳೆಯನ ಕೆಲಸ ಆ ವರ್ಷವೇ ಹೋಗಿತ್ತು, ಅವನ ಪಾಲು ಮನೆ ಸಾಲದಿಂದ ತೆಗೆದದ್ದು. ಮಾರ್ಲಾದ ಪೆಟ್ರೋಲ್ ಬಂಕಿನ ಬೆಂಚಿನ ಮೇಲೆ ಕೂತು, "11 ಗ್ರಾಂ ಮೆಟೀರಿಯಲ್ ಅಲ್ಲ, ನಾಲ್ಕರಲ್ಲಿ ಮೂರು ಪಾಸು, ಇದು ಬಿಡಿ ಪ್ರಕರಣ" ಎಂದು ಮೊದಲು ಹೇಳಿದವನು ಎಂಜಿನಿಯರ್ ಅಲ್ಲ, ಸಾಲ ಮಾಡಿದ ಗೆಳೆಯನೂ ಅಲ್ಲ. ನಾನು. ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವವನು.

ಅಡಿಲೇಡಿಗೆ ವಾಪಸು ಬರುವಷ್ಟೂ ದಾರಿ ಅದನ್ನೇ ಸಮರ್ಥಿಸಿದೆ. ಮನೆಗೆ ಬಂದು ರಾತ್ರಿ ಲೆಕ್ಕ ಬರೆಯುವಾಗ ಸಿಕ್ಕಿಬಿದ್ದೆ. ನಮ್ಮಲ್ಲಿ ಎಎಎಸ್‌ಬಿ 138 ಎಂಬ ಲೆಕ್ಕದ ಮಾನದಂಡ ಇದೆ. ಹೊಸ ವಸ್ತು ಅಭಿವೃದ್ಧಿಪಡಿಸಲು ಮಾಡಿದ ಖರ್ಚನ್ನು ಆಸ್ತಿ ಎಂದು ತೋರಿಸಬೇಕಾದರೆ, ಆ ವಸ್ತು ತಾಂತ್ರಿಕವಾಗಿ ಪೂರ್ಣಗೊಳ್ಳಬಲ್ಲದು ಎಂದು ಸಾಬೀತುಪಡಿಸಬೇಕು; ಇಲ್ಲವಾದರೆ ಅದು ಬರೀ ಖರ್ಚು. ನಾನು ಆಗಲೇ ಪರೀಕ್ಷೆಯ ಖರ್ಚನ್ನೆಲ್ಲ ಆಸ್ತಿ ಕಾಲಂನಲ್ಲಿ ಬರೆದಿಟ್ಟಿದ್ದೆ, ಪರೀಕ್ಷೆ ಮುಗಿಯುವ ಮುಂಚೆಯೇ. ಸಾಬೀತಿಗೆ ನನ್ನ ಬಳಿ ಇದ್ದದ್ದು ನಾಲ್ಕು ಪೆಟ್ಟಿಗೆ, ಒಂದು ಫೇಲು. ಒಬ್ಬ ಕಕ್ಷಿದಾರ ನಾಲ್ಕು ವೋಚರ್ ತೋರಿಸಿ, ಒಂದು ತಪ್ಪಿದ್ದಾಗ "ಉಳಿದದ್ದೆಲ್ಲ ಸರಿ ಸರ್" ಅಂದರೆ ನಾನು ಒಪ್ಪುತ್ತೇನೆಯೇ? ಲೆಕ್ಕ ಹಾಕಿದೆ. ನಾಲ್ಕರಲ್ಲಿ ಒಂದು ಫೇಲಾದರೆ, ಶೇಕಡ 95 ಭರವಸೆಯ ಮಟ್ಟದಲ್ಲಿ, ನಿಜವಾದ ಫೇಲು ಪ್ರಮಾಣ ಶೇಕಡ 75ರವರೆಗೂ ಇರಬಹುದು. ನಾಲ್ಕೂ ಪಾಸಾಗಿದ್ದರೂ ಶೇಕಡ 50ಕ್ಕಿಂತ ಕಡಿಮೆ ಅಂತ ಹೇಳಲು ಬರುತ್ತಿರಲಿಲ್ಲ. ಅರವತ್ತು ಪರೀಕ್ಷಿಸಿ ಅರವತ್ತೂ ಪಾಸಾದರೆ ಆಗ ಶೇಕಡ 5ರ ಆಸುಪಾಸು ಎನ್ನಬಹುದು.

ಮರುದಿನ ಆ ಪೆಟ್ಟಿಗೆಯ ಅಂಚನ್ನು ಗಾಜಿನ ಮೇಲೆ ಮಗುಚಿ ಇಟ್ಟು ಅಳೆದೆವು. ಒಂದು ಬದಿ 3 ಮಿಲಿಮೀಟರ್ ಬಾಗಿತ್ತು. ಕೆಂಪಾದದ್ದು ಅದೇ ಬದಿ. ಕಾರಣ ಕೇಳಲು ಅಚ್ಚಿನವರಿಗೆ ಫೋನ್ ಮಾಡಿದರೆ ಅವರು ಸತ್ಯ ಹೇಳಿದರು: "ನೀವೇ ಅವಸರ ಮಾಡಿದ್ದಿರಿ, ಕೊನೆಯದನ್ನು ಪೂರ್ತಿ ಆರುವ ಮುಂಚೆ ಅಚ್ಚಿನಿಂದ ತೆಗೆದೆವು." ಅವಸರ ಮಾಡಿ ಇಮೇಲ್ ಕಳಿಸಿದವನೂ ನಾನೇ.

ಅಂಗಡಿಯವರಿಗೆ ಈಸ್ಟರ್‌ಗೆ ಆಗುವುದಿಲ್ಲ ಎಂದೆವು. ಅವರು ಬೇರೆಯವರ ಹತ್ತಿರ ಕೊಂಡರು. ಸಾಲ ಮಾಡಿದ ಗೆಳೆಯನ ಮುಖ ನೋಡಿ ಹೇಳುವುದು ಕಷ್ಟವಾಯಿತು, ಅವನು ಒಂದು ತಿಂಗಳು ಗ್ಯಾರೇಜಿಗೆ ಬರಲಿಲ್ಲ. ಆಮೇಲೆ ಅವನೇ ಬಂದ, ಕೈಯಲ್ಲಿ ಒಂದು ಚೌಕಟ್ಟು ಹಿಡಿದುಕೊಂಡು. ಅಚ್ಚಿನಿಂದ ತೆಗೆದ ತಕ್ಷಣ ಪೆಟ್ಟಿಗೆಯ ಅಂಚಿಗೆ ಅದನ್ನು ಬಿಗಿದು ಆರಲು ಬಿಟ್ಟರೆ ಬಾಗುವುದಿಲ್ಲ. ಜೊತೆಗೆ, ಮಾದರಿ ಪರೀಕ್ಷೆ ಬಿಟ್ಟು ಪ್ರತಿಯೊಂದನ್ನೂ ಪರೀಕ್ಷಿಸುವ ದಾರಿ ಕಂಡುಕೊಂಡೆವು: ಉಸಿರುಗಂಡಿಯ ತೂತಿಗೆ ಕೈಪಂಪು ಜೋಡಿಸಿ 2 ಕಿಲೋಪಾಸ್ಕಲ್ ಗಾಳಿ ಎಳೆದು, ಐದು ನಿಮಿಷ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಐಇಸಿಯ ಧೂಳು ಪರೀಕ್ಷೆಯಲ್ಲಿ ಬಳಸುವ ಗರಿಷ್ಠ ಎಳೆತವೂ ಅಷ್ಟೇ. ಕುಲುಕಿಸುವ ಮೊದಲು ಒಮ್ಮೆ, ಒಂದು ಗಂಟೆ ಕುಲುಕಿಸಿದ ಮೇಲೆ ಇನ್ನೊಮ್ಮೆ. ಮೊದಲ ಮೂವತ್ತರಲ್ಲಿ ನಾಲ್ಕು ತಿರಸ್ಕಾರ. ಅವು ನಮ್ಮ ಮೂವರ ಮನೆಯಲ್ಲಿ ಗೊಬ್ಬರ, ಆಟಿಕೆ ತುಂಬಿಕೊಂಡಿವೆ.

ಉಳಿದ ಇಪ್ಪತ್ತಾರನ್ನು ಮಾರಿದೆವು. ಈ ಸಭೆಯಲ್ಲೇ ಐದಾರು ಜನರ ಬಳಿ ಇವೆ. ಮಾರಾಟ ಮಾಡಲು ಹೊರಡುವವರಿಗೆ ವೃತ್ತಿಯವನಾಗಿ ಒಂದು ಮಾತು: ಆಸ್ಟ್ರೇಲಿಯದ ಗ್ರಾಹಕ ಕಾನೂನಿನಲ್ಲಿ, 2011ರಿಂದ, ವಸ್ತು ಒಪ್ಪತಕ್ಕ ಗುಣಮಟ್ಟದ್ದಾಗಿರಬೇಕು, ಹೇಳಿದ ಉದ್ದೇಶಕ್ಕೆ ಒದಗಬೇಕು ಎಂಬ ಖಾತರಿ ತಾನಾಗಿಯೇ ಬರುತ್ತದೆ. "ಮಾರಿದ ಮಾಲು ವಾಪಸಿಲ್ಲ" ಎಂದು ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾವು ಧೂಳು ಬರುವುದಿಲ್ಲ ಎಂದು ಬರೆದಿಲ್ಲ. ಯಾವ ದಾರಿಯಲ್ಲಿ, ಎಷ್ಟು ಕಿಲೋಮೀಟರ್, ಏನು ಪರೀಕ್ಷಿಸಿದೆವು ಎಂದು ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಲಾಭ ಬಂತೇ ಅಂತ ಕೇಳಬೇಡಿ. 41,600 ಇನ್ನೂ ಪೂರ್ತಿ ವಾಪಸಾಗಿಲ್ಲ. ಅದನ್ನು ಆಸ್ತಿ ಕಾಲಂನಿಂದ ತೆಗೆದು ಖರ್ಚಿಗೆ ಬರೆದಿದ್ದೇನೆ.

ಇನ್ನೊಂದು ವಿಷಯ ಹೇಳಿ ಕೂರುತ್ತೇನೆ. ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ಉಷ್ಣಮಾಪಕ ಇಟ್ಟು ಅಳೆದಿದ್ದೆವು. ಊಡ್ನಡಾಟದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿತ್ತು, ಅದು ನೆರಳಿನ ಲೆಕ್ಕ. ನಮ್ಮ ಅಂಗಳದಲ್ಲಿ 41 ಡಿಗ್ರಿಯ ದಿನ ಕಪ್ಪು ಪೆಟ್ಟಿಗೆಯ ಒಳಗೆ 68, ಮರಳು ಬಣ್ಣದ್ದರಲ್ಲಿ 57. ಅದಕ್ಕೇ ಈ ಬಣ್ಣ. ಆ ಅಂಕಿ ಬರೆದುಕೊಳ್ಳುವಾಗ ಅಪ್ಪ ಊರಿಂದ ವಿಡಿಯೋ ಕಾಲ್‌ನಲ್ಲಿದ್ದರು. ತಮ್ಮ ಇನ್‌ಹೇಲರ್ ಡಬ್ಬಿ ಕ್ಯಾಮೆರಾಗೆ ಹಿಡಿದು, ಅದರ ಮೇಲೆ ಏನು ಬರೆದಿದೆ ಓದು ಅಂದರು. 30 ಡಿಗ್ರಿಗಿಂತ ಕೆಳಗೆ ಇಡಬೇಕು ಅಂತ ಬರೆದಿತ್ತು.

ಮೂರು ವರ್ಷ ಕಷ್ಟಪಟ್ಟು ಮಾಡಿದ ಪೆಟ್ಟಿಗೆಯಲ್ಲಿ, ಯಾವುದಕ್ಕೋಸ್ಕರ ಶುರುಮಾಡಿದೆನೋ ಅದನ್ನೇ ಇಡುವ ಹಾಗಿಲ್ಲ. ಅಪ್ಪ ಮತ್ತೆ ಬಂದಾಗ ಇನ್‌ಹೇಲರ್ ಅವರ ಅಂಗಿ ಜೇಬಿನಲ್ಲೇ ಇತ್ತು. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಅವಲಕ್ಕಿ, ಅವರ ಹಾಸಿಗೆ. ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಅದೇ ಜಾಗದಲ್ಲಿ ಟೆಂಟು ಹಾಕಿದೆವು. ಅಪ್ಪ ಹಾಸಿಗೆ ಬಿಚ್ಚಿ, ಎರಡು ಸಲ ಕೊಡವಿ, ಟಾರ್ಚಿನ ಬೆಳಕಿನಲ್ಲಿ ನೋಡಿ, ಏನೂ ಹೇಳದೆ ಮಲಗಿದರು.